ಬೊನೊಬೊಗಳಿಗೆ ವೀಸಾ ಬೇಡ

ಡ್ಯೂಟಿ ಮುಗಿಸಿ ಈ ಕೊಲ್ಲಿ ದೇಶದ ಸನದ್ ಬಡಾವಣೆಯ ನನ್ನ ಫ್ಲ್ಯಾಟಿಗೆ ಬಂದೊಡನೆ ನಾನು ಬೊನೊಬೊಗಳ ವಿಡಿಯೊ ನೋಡುತ್ತೇನೆ. ಹಗಲೆಲ್ಲ ಆಸ್ಪತ್ರೆಯಲ್ಲಿ ಮನುಷ್ಯರನ್ನು ನೋಡಿಕೊಳ್ಳುವ ನರ್ಸು ಮನೆಯಲ್ಲೂ ಮನುಷ್ಯರನ್ನೇ ನೋಡಬೇಕೆಂದರೆ ಹೇಗೆ ಹೇಳಿ? ಚಿಂಪಾಂಜಿಯ ಈ ದಾಯಾದಿಗಳು ಇರುವುದು ಕಾಂಗೋ ನದಿಯ ದಕ್ಷಿಣದ ಕಾಡಿನಲ್ಲಿ ಮಾತ್ರ. ಈಜು ಬಾರದು, ಹೊಳೆ ದಾಟಲಾರವು. ಕಾಡು ಕರಗುತ್ತಿದೆ, ಕೋವಿಯವರು ಬಿಡುವುದಿಲ್ಲ. ನಿಟ್ಟುಸಿರು ಬಿಡಲು ಇಷ್ಟು ಸಾಕು.

ಅಲ್ಲಿ ಯಜಮಾನಿಕೆ ಹೆಂಗಸರದು. ಗಂಡುಮಕ್ಕಳು ಅಮ್ಮನ ಸೆರಗು ಬಿಡುವುದಿಲ್ಲ. ಪ್ರಾಯಕ್ಕೆ ಬಂದ ಹೆಣ್ಣು ಮಾತ್ರ ಹುಟ್ಟಿದ ಗುಂಪು ಬಿಟ್ಟು ಗುರುತಿಲ್ಲದ ಗುಂಪಿಗೆ ಹೋಗುತ್ತದೆ. ಹೊಸಬಳು ಮೊದಲು ಒಬ್ಬ ಹಿರಿಯಳನ್ನು ಹಿಡಿಯುತ್ತಾಳೆ, ಪಕ್ಕದಲ್ಲಿ ಕೂತು ಅವಳ ಹೇನು ಹೆಕ್ಕುತ್ತಾಳೆ. ಹಿರಿಯಳು ಒಪ್ಪಿದರೆ ಊರೇ ಒಪ್ಪಿದ ಹಾಗೆ.

ನನಗೆ ಸಿಕ್ಕ ಹಿರಿಯಳು ಎದುರು ಫ್ಲ್ಯಾಟಿನ ಲಿಲ್ಲಿಬಾಯಿ, ಮಂಗಳೂರು ಕಡೆಯವರು. ನಾನು ಬಂದ ಹೊಸದರಲ್ಲಿ ಲಿಫ್ಟಿನಲ್ಲಿ ನನ್ನ ತಲೆ ನೋಡಿ, "ಇದೆಂಥ ಮಾರಾಯ್ತಿ, ತೆಂಗಿನ ಸಿಪ್ಪೆಯ ಹಾಗೆ ಆಗಿದೆ. ಬಾ, ಎಣ್ಣೆ ಹಾಕ್ತೇನೆ" ಎಂದರು. ಅಂದಿನಿಂದ, ಇಲ್ಲಿ ವಾರದ ರಜೆಯಾದ ಪ್ರತಿ ಶುಕ್ರವಾರ, ಇಗರ್ಜಿಯಿಂದ ಬಂದ ಅವರು ಸೋಫಾದ ಮೇಲೆ, ನಾನು ನೆಲದ ಮೇಲೆ. ಹೊಸಬಳು ಹಿರಿಯಳ ಸೇವೆ ಮಾಡಬೇಕೆಂಬ ಕಾಡಿನ ಪದ್ಧತಿ ನಮ್ಮಲ್ಲಿ ತಲೆಕೆಳಗಾಗಿತ್ತು. ತಲೆ ಕೊಡುವುದಷ್ಟೇ ನನ್ನ ಕೆಲಸ.

ಕಳೆದ ತಿಂಗಳು ಸಿತ್ರಾದ ಕಾರ್ಖಾನೆಯಲ್ಲಿ ಅವರ ಗಂಡನ ಕೆಲಸ ಹೋಯಿತು. ಗಂಡನ ವೀಸಾಕ್ಕೇ ಹೆಂಡತಿಯ ವೀಸಾ ಗಂಟು ಹಾಕಿರುತ್ತಾರೆ, ಅದೂ ಕ್ಯಾನ್ಸಲ್. ಬೊನೊಬೊ ಹಿರಿಯಳನ್ನು ಹೀಗೆ ಯಾರೂ ಊರಿಗೆ ಕಳಿಸುವುದಿಲ್ಲ. ಅವಳ ಗಂಡ ಯಾರೆಂದು ಆ ಕಾಡಿನಲ್ಲಿ ಕೇಳುವವರೇ ಇಲ್ಲ.

ಹೊರಡುವ ದಿನ ಪೆಟ್ಟಿಗೆಗಳ ನಡುವೆ ನಾನು ಅವರ ಎಣ್ಣೆಯ ಬಾಟಲಿ ಹಿಡಿದು ನಿಂತೆ. "ಇವತ್ತು ನೀವು ಕೆಳಗೆ ಕೂತ್ಕೊಳ್ಳಿ."

"ಬೇಡ ಮಗಾ, ಪ್ಲೇನಲ್ಲಿ ಪಕ್ಕದವರಿಗೆ ವಾಸನೆ ಬರ್ತದೆ. ಬಾಟ್ಲಿ ನೀನೇ ಇಟ್ಕೊ, ನನ್ನ ಲಗೇಜು ಜಾಸ್ತಿ ಉಂಟು."

ಬಾಟಲಿ ಈಗ ನನ್ನ ಕಿಟಕಿಯಲ್ಲಿದೆ. ಈ ಶುಕ್ರವಾರ ನಾನೇ ಹಾಕಿಕೊಂಡೆ. ಅರ್ಧ ಕಿವಿಗೆ ಹೋಯಿತು, ಅರ್ಧ ಅಂಗಿಗೆ. ಇನ್ನು ಈ ಊರಿನಲ್ಲಿ ನನಗೆ ಯಾರೂ ಇಲ್ಲ ಎಂದು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನನ್ನ ಸೋಫಾ ಖಾಲಿಯಿತ್ತು, ಆದರೂ ಮೇಲೆ ಕೂರಲು ಮನಸ್ಸಾಗಲಿಲ್ಲ. ಕಾಡಿನಲ್ಲೂ ಬೆನ್ನಿನ ಹೇನು ಅವರವರ ಕೈಗೆ ಎಟುಕುವುದಿಲ್ಲ. ಗುಂಪು ಎಂಬುದು ಹುಟ್ಟಿದ್ದೇ ಅದಕ್ಕಿರಬೇಕು.