ಬೀಗರ ಮನೆಯ ನೀರು

ವಾಸ್ಕೋದಲ್ಲಿ ನಾವು ಇಳಿದುಕೊಂಡ ಲಾಡ್ಜಿನ ಹೆಸರಿನಲ್ಲಿ ಸಮುದ್ರವಿತ್ತು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಗೋಡೆಗೆ ಅಂಟಿಕೊಂಡ ಪೈಪು, ಪೈಪಿನ ಮೇಲೆ ಒಂದು ಪಾರಿವಾಳ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ಹಾಗೆ. ಸಮುದ್ರ ಬೇಕಾದವರಿಗಾಗಿ ಮಂಚದ ಮೇಲುಗಡೆ ಕಲಂಗುಟ್ ಬೀಚಿನ ಒಂದು ಫೋಟೋ ಹಾಕಿದ್ದರು. ಅದರ ಗಾಜಿನ ಒಳಗೆ ಸತ್ತ ನೊಣವೊಂದು ಸರಿಯಾಗಿ ಸೂರ್ಯನ ಪಕ್ಕದಲ್ಲೇ ಬಿದ್ದಿತ್ತು.

ಲಿಫ್ಟ್ ಇತ್ತು, ನಡೆಯುತ್ತಿರಲಿಲ್ಲ. ಅದರೊಳಗೆ ಮಡಚಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಗೀಸರಿನ ಕೆಂಪು ದೀಪ ನಿಷ್ಠೆಯಿಂದ ಉರಿಯುತ್ತಿತ್ತು, ನೀರು ಮಾತ್ರ ತಣ್ಣಗೆ ಬರುತ್ತಿತ್ತು. ಬಂದರಿನ ಕಡೆಯಿಂದ ಬರುವ ಕಲ್ಲಿದ್ದಲಿನ ಕಪ್ಪು ಪುಡಿ ಕಿಟಕಿಯ ಕಟ್ಟೆಯ ಮೇಲೆ ಕಣ್ಣಿನ ಕಾಡಿಗೆಯ ಹಾಗೆ ಕೂತಿತ್ತು. ಒರೆಸಿದ ಬಟ್ಟೆಯನ್ನು ಒಣಗಿಸುವಷ್ಟರಲ್ಲಿ ಮತ್ತೆ ಕೂರುತ್ತಿತ್ತು. ಬಾಗಿಲ ಹಿಂದೆ ನಿಯಮಗಳ ಫಲಕ. ಅದರಲ್ಲಿ ಮೊದಲನೆಯದು, ಕೋಣೆಯಲ್ಲಿ ಮೀನು ಬೇಯಿಸಬಾರದು. ಆ ನಿಯಮವನ್ನು ಯಾರೂ ಪಾಲಿಸಿರಲಿಲ್ಲ ಎಂಬುದಕ್ಕೆ ಪರದೆಗಳ ವಾಸನೆಯೇ ಸಾಕ್ಷಿ.

ನಮ್ಮವರು ಒಳಗೆ ಬಂದವರೇ ಹಾಸಿಗೆಯ ಮೇಲಿನ ಚಾದರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದರು. ಧಾರವಾಡದಲ್ಲಿ ನಮ್ಮದು ಬಟ್ಟೆ ಅಂಗಡಿ. ಜೀವಮಾನವೆಲ್ಲ ಅರಿವೆ ತಿಕ್ಕಿದ ಕೈ ಅದು. ಅಂಗಡಿಯ ಹೊರಗೂ ಸುಮ್ಮನಿರುವುದಿಲ್ಲ. ಬಸ್ಸಿನ ಸೀಟು, ಸ್ವಾಮಿಗಳ ಶಾಲು, ಕಂಡವರ ಮನೆಯ ಪರದೆ, ಯಾವುದನ್ನೂ ಬಿಟ್ಟದ್ದಿಲ್ಲ.

"ಟೆರಿಕಾಟು. ಅದೂ ಎರಡನೇ ನಂಬರಿಂದು," ಅಂದರು.

ನಾನು ಬ್ಯಾಗಿನಿಂದ ಮನೆಯ ಚಾದರ ತೆಗೆದು ಹಾಸಿದೆ. ಅವರೊಂದಿಗೆ ಪ್ರಯಾಣ ಮಾಡುವುದೆಂದರೆ ಅರ್ಧ ಮನೆಯನ್ನು ಹೊತ್ತುಕೊಂಡು ಹೋಗುವುದು ಎಂದೇ ಅರ್ಥ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಗಟ್ಟಿ ಮೊಸರು, ಕುಡಿಯುವ ನೀರಿನ ದೊಡ್ಡ ಬಾಟಲಿ. ಮಂಚದ ಮೇಲೆ ಪೇಪರು ಹಾಸಿ ಉಂಡೆವು. ಎಲ್ಲಿದ್ದವೋ, ಗೋವಾದ ಇರುವೆಗಳೆಲ್ಲ ಶೇಂಗಾ ಚಟ್ನಿಯ ವಾಸನೆಗೆ ಬಂದವು.

ಇಷ್ಟೆಲ್ಲ ಯಾಕೆ ಅಂದರೆ, ನಾವು ಮಗಳಿಗೆ ಗೊತ್ತು ಮಾಡಬೇಕೆಂದಿದ್ದ ಗಂಡಿನ ಮನೆ ನೋಡಲು ಬಂದಿದ್ದೆವು. ಗಂಡಿನವರು ಬಂದು ಹುಡುಗಿಯನ್ನು ನೋಡಿ ಒಪ್ಪಿದ ಮೇಲೆ ಹೆಣ್ಣಿನವರು ಹೋಗಿ ಅವರ ಮನೆ ನೋಡಬೇಕು, ಅದು ನಮ್ಮ ಕಡೆಯ ಪದ್ಧತಿ. ಆ ಮನೆ ಲಾಡ್ಜಿಗೆ ಎರಡು ಓಣಿ ಆಚೆ, ಮಾರ್ಕೆಟ್ಟಿನ ಹಿಂದೆ. ಮಾಳಿಗೆಯ ಮೇಲೆ ಖಾಲಿ ಕೋಣೆ, ಫ್ಯಾನು, ಬಿಸಿನೀರು, ಎಲ್ಲ ಇತ್ತು. ಅವರು ಅಲ್ಲೇ ಇಳಿದುಕೊಳ್ಳಿ ಎಂದು ಎಷ್ಟು ಹೇಳಿದರೂ ನಮ್ಮವರು ಕೇಳಲಿಲ್ಲ. ಯಾಕೆಂದರೆ ನಮ್ಮ ಅತ್ತೆಯವರು ಹೇಳಿಹೋದ ಒಂದು ಮಾತಿದೆ: ಸಂಬಂಧದ ಮಾತು ಮುಗಿಯುವ ತನಕ ಬೀಗರಾಗುವವರ ಮನೆಯ ನೀರು ಮುಟ್ಟಬಾರದು. ನೀರು ಮುಟ್ಟಿದರೆ ಋಣ ಬಿತ್ತು, ಋಣ ಬಿದ್ದರೆ ಮಾತು ಮುಗಿದಂತೆ. ಅತ್ತೆಯವರು ತೀರಿಕೊಂಡು ವರ್ಷಗಳಾದವು. ಮಗ ಮಾತ್ರ ಆ ಮಾತನ್ನು ಜೋಳಿಗೆಯಲ್ಲಿಟ್ಟುಕೊಂಡು ತಿರುಗುತ್ತಾರೆ. ತಾಯಿ ಹೇಳಿದ ಬೇರೆ ಮಾತುಗಳೂ ಇದ್ದವು, ಹೆಂಡತಿಯ ಮೇಲೆ ಕೂಗಾಡಬೇಡ ಎಂಬುದೂ ಅದರಲ್ಲಿ ಒಂದು. ಅದು ಜೋಳಿಗೆಯ ತೂತಿನಿಂದ ಎಂದೋ ಬಿದ್ದುಹೋಗಿತ್ತು.

ಇದು ಅವರು ನೋಡಿದ ಮೊದಲನೇ ಮನೆಯಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಬೆಳಗಾವಿಯ ಒಂದು ಮನೆಯನ್ನು ಬಾಗಿಲು ಗಿಡ್ಡ ಎಂದು ಬಿಟ್ಟರು. ವಿಜಯಪುರದ್ದನ್ನು ಹುಡುಗನ ಕಾಕಾ ಊಟಕ್ಕೆ ಕೂತಾಗ ಜೋರಾಗಿ ನಕ್ಕ ಎಂದು ಬಿಟ್ಟರು. ಗದಗಿನ ಮನೆಯ ತಪ್ಪೇನೆಂದು ಅವರಿಗೇ ಈಗ ನೆನಪಿಲ್ಲ. ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ, ಪ್ರತಿಸಲವೂ ಒಂದು ಕಲ್ಲು ಹಿಡಿದುಕೊಂಡೇ ಮನೆಗೆ ಬರುತ್ತಿದ್ದರು. ಮಗಳಿಗೆ ಮೂವತ್ತು ದಾಟಿತು. ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಮನೆಯಲ್ಲಿ ಮಾತು ಕಡಿಮೆ. ಈ ಹುಡುಗ ಬಂದು ಹೋದ ಮೇಲೆ ಮಾತ್ರ ಸಂಜೆ ಫೋನು ಹಿಡಿದು ಮಾಳಿಗೆ ಹತ್ತುತ್ತಿದ್ದಳು, ಇಳಿಯುವಾಗ ಮುಖ ಬೇರೆಯೇ ಇರುತ್ತಿತ್ತು. ನಾವು ರೈಲು ಹತ್ತುವ ದಿನ ಸ್ಟೇಷನ್ನಿಗೆ ಬಂದವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅವ್ವಾ, ಅಪ್ಪ ಈ ಸಲಾನೂ ಬ್ಯಾಡ ಅಂದ್ರ ನಾ ಜಗಳಾ ಮಾಡೂದಿಲ್ಲ. ಆದ್ರ ಮುಂದ ಯಾರ ಮನೀನೂ ನೋಡಾಕ ಹೋಗಬ್ಯಾಡ್ರಿ. ನನ್ನ ಹೆಸರೀಲೆ ಸಾಕು."

ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಅಂಗಡಿ ಮುಚ್ಚುವವರು ಬಾಗಿಲು ಎಳೆಯುವ ಹಾಗೆ, ಸಮಾಧಾನದಿಂದ ಹೇಳಿದಳು.

ಗಂಡಿನ ಮನೆಯವರು ಮೂಲ ನಮ್ಮ ಕಡೆಯವರೇ. ಹುಡುಗನ ಅಜ್ಜ ಬಂದರಿನ ಲಾರಿಗಳಿಗೆ ಹಗ್ಗ, ತಾಡಪತ್ರಿ ಮಾರಲು ಬಂದವರು ಇಲ್ಲೇ ಉಳಿದರು. ಈಗ ಅಂಗಡಿ ದೊಡ್ಡದು, ಮನೆ ಸಾದಾ. ಬಾಗಿಲಲ್ಲಿ ಹುಡುಗನ ತಾಯಿ ಕಾಲಿಗೆ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ನಮ್ಮವರು ಕಾಲು ಹಿಂದೆ ತೆಗೆದು, ಕಾಲಿಗೂ ಬೇಡ ಎಂದು ಪಕ್ಕದಿಂದ ಒಳಗೆ ಹೋದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಹೆಣ್ಣುಮಗಳು ಮಾತ್ರ ತಂಬಿಗೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ನಕ್ಕರು.

"ಇರಲಿ ಬಿಡ್ರಿ, ನಮ್ಮ ಅತ್ತಿಯೋರೂ ಹಂಗ ಇದ್ರು."

ಚಹಾ ಬಂತು, ಆರಿತು, ಕೆನೆ ಕಟ್ಟಿತು. ನಮ್ಮವರು ತಮ್ಮ ಬಾಟಲಿಯಿಂದ ನೀರು ಕುಡಿದರು. ಪರದೆ ತಿಕ್ಕಿ ನೋಡಿದರು. ಹುಡುಗ ಹಗ್ಗದ ವ್ಯಾಪಾರದ ಬಗ್ಗೆ ಹೇಳುತ್ತಿದ್ದರೆ ಇವರು ಸೂರು ನೋಡುತ್ತಿದ್ದರು. ನಾಳೆ ಬೆಳಿಗ್ಗೆ ಬಂದು ಮಾತು ಹೇಳುತ್ತೇವೆ ಎಂದು ಎದ್ದೆವು. ಹೊರಡುವಾಗ ಹುಡುಗನ ತಾಯಿ ನನ್ನ ಕೈ ಹಿಡಿದು, "ಆ ಲಾಡ್ಜಿನ್ಯಾಗ ಮುಂಜಾನಿ ನೀರು ಹೋಗತೈತ್ರಿ. ಬಕೆಟ್ ತುಂಬಿಸಿ ಇಟ್ಕೋರಿ. ಏನರ ಬೇಕಂದ್ರ ಒಂದು ಫೋನ್ ಮಾಡ್ರಿ," ಅಂದರು.

ನಾನು ಲಾಡ್ಜಿಗೆ ಬಂದು ಮೊದಲು ಬಕೆಟ್ ತುಂಬಿಸಿದೆ. ಹಿಡಿಕೆ ಮುರಿದ ನೀಲಿ ಬಕೆಟ್, ತುಂಬುವಷ್ಟರಲ್ಲಿ ನಲ್ಲಿಗೇ ಬೇಸರವಾಗಿತ್ತು.

ಬೆಳಿಗ್ಗೆ ಎದ್ದು ನಮ್ಮವರು ತೀರ್ಪು ಕೊಟ್ಟರು. ಓಣಿಯಲ್ಲಿ ಮೀನಿನ ವಾಸನೆ. ಜನ ಅರ್ಧ ಕನ್ನಡ ಅರ್ಧ ಕೊಂಕಣಿ ಮಾತಾಡುತ್ತಾರೆ. ಬರುವಾಗ ಲೋಂಡಾ ದಾಟುತ್ತಲೇ ರೈಲಿನಲ್ಲಿ ಯಾರೋ ಪ್ರವಾಸಿ ಹುಡುಗರು ಹ್ಯಾಟು ಹಾಕಿಕೊಂಡು ಕುಣಿದದ್ದೂ ಆ ಹುಡುಗನ ಲೆಕ್ಕಕ್ಕೇ ಹೋಯಿತು. ಕೊನೆಗೆ ಈ ಲಾಡ್ಜು.

"ಇಂಥಾ ಊರಿಗೆ ನನ್ನ ಮಗಳನ್ನ ಕೊಡೂದಿಲ್ಲ. ಇಂಥಾ ಹಾಸಿಗಿ, ಇಂಥಾ ನೀರು! ದೂರ ಆಕ್ಕೈತಿ ಅಂತ ಚಂದಂಗ ಹೇಳಿ ಬಂದ್ರಾತು."

"ಲಾಡ್ಜ್ ಅವರದಲ್ಲರಿ. ಅವರ ಮನ್ಯಾಗ ಇಳಕೊಂಡಿದ್ರ ಬಿಸಿನೀರು ಇತ್ತು."

"ನಿನಗ ತಿಳೀದಿಲ್ಲ, ಸುಮ್ಮನಿರು."

ನನಗೆ ತಿಳಿಯುವುದಿಲ್ಲ ಎಂಬ ಮಾತಿಗೆ ನಮ್ಮ ಸಂಸಾರದಷ್ಟೇ ವಯಸ್ಸಾಗಿದೆ. ನನ್ನನ್ನು ಕೊಡುವಾಗ ನಮ್ಮಪ್ಪನೂ ಇವರ ಮನೆ ನೋಡಲು ಬಂದಿದ್ದ. ಅಂಗಡಿಯ ಕಪಾಟಿನಲ್ಲಿದ್ದ ಬಟ್ಟೆಯ ಥಾನುಗಳನ್ನು ಕಂಡು ಸಂತೋಷಪಟ್ಟು ಹೂಂ ಅಂದು ಬಂದ. ನನ್ನನ್ನು ಯಾರೂ ಕೇಳಲಿಲ್ಲ. ಮಗಳ ವಿಷಯದಲ್ಲಿ ಕೇಳದೆಯೇ ಹೂಂ ಅನ್ನುವವರೂ ಇಲ್ಲ, ಕೇಳದೆಯೇ ಒಲ್ಲೆ ಅನ್ನುವವರು ಒಬ್ಬರು. ಗಂಡಸರು ಮನೆ ನೋಡುವುದೆಂದರೆ ಇಷ್ಟೇ, ಗೋಡೆ ನೋಡುತ್ತಾರೆ.

ಬೇಡ ಎಂದು ಹೇಳಿಬರಲಿಕ್ಕೂ ಸ್ನಾನ ಮಾಡಿಯೇ ಹೋಗಬೇಕು. ಬಚ್ಚಲಿಗೆ ಹೋದವರು ನಾನು ತುಂಬಿಸಿಟ್ಟ ಬಕೆಟ್ಟಿನ ನೀರನ್ನು ನೋಡಿದರು. ರಾತ್ರಿಯ ನೀರು, ಹಳಸಿದ್ದು, ಯಾರು ಯಾರೋ ಕೈ ಅದ್ದಿದ ಬಕೆಟ್ಟು ಎಂದು ಗೊಣಗಿ ಪೂರಾ ಚೆಲ್ಲಿಬಿಟ್ಟರು. ನಲ್ಲಿಯ ತಾಜಾ ನೀರೇ ಬೇಕು. ನಲ್ಲಿಯಿಂದ ಎರಡು ಚರಿಗೆ ನೀರು ಬಂತು. ಅಷ್ಟನ್ನು ಮೈಮೇಲೆ ಹಾಕಿಕೊಂಡು ತಲೆಯಿಂದ ಅಂಗಾಲಿನ ತನಕ ಸಬಕಾರ ತಿಕ್ಕಿಕೊಂಡರು. ಸಬಕಾರದ ವಿಷಯದಲ್ಲಿ ಕೈ ಧಾರಾಳ. ಆಮೇಲೆ ನಲ್ಲಿ ತಿರುವಿದರೆ ಗಾಳಿ ಬಂತು.

"ಏ! ನೀರು ಹೋತು! ಕೆಳಗ ಹೇಳು ಲಗೂನ!"

ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಕೆಳಗಿಳಿದೆ. ಲಾಡ್ಜಿನ ಮ್ಯಾನೇಜರು ಮೊಬೈಲಿನಿಂದ ಕಣ್ಣೆತ್ತದೆ "ಉದಕ್ ನಾ," ಅಂದ. ನೀರಿಲ್ಲ ಎನ್ನಲು ಇಷ್ಟು ಸಮಾಧಾನ ಬೇಕಾದರೆ ದಿನಾ ಅಭ್ಯಾಸವಿರಬೇಕು. ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಕೇಳಿದೆ. ಬರುವಾಗ ಬರುತ್ತದೆ ಎಂದು ಹಿಂದಿಯಲ್ಲಿ ಹೇಳಿದ. ಅವನ ಹಿಂದೆ ಗೋಡೆಯ ಮೇಲೆ ಈಜುಕೊಳದ ಚಿತ್ರ ತೂಗುಹಾಕಿದ್ದರು. ಇಂಥವರಿಗೆ ನಾಚಿಕೆಯೂ ಬಾಡಿಗೆಗೆ ಸಿಗುವುದಿಲ್ಲ.

ಹೊರಗೆ ಬಂದೆ. ಲಾಡ್ಜಿನ ಮೆಟ್ಟಿಲಿಗೆ ಅಂಟಿಕೊಂಡೇ ಒಂದು ಕಿರಾಣಿ ಅಂಗಡಿ. ಅದರ ಮುಂದೆ ಕುಡಿಯುವ ನೀರಿನ ದೊಡ್ಡ ದೊಡ್ಡ ಕ್ಯಾನುಗಳು, ಸಾಲಾಗಿ, ಮುಚ್ಚಳ ಹಾಕಿಕೊಂಡು ಕೂತಿದ್ದವು. ಒಂದನ್ನು ಕೊಂಡು ಮೇಲೆ ಕಳಿಸಿದರೆ ಮುಗಿಯಿತು. ನಮ್ಮವರು ತೊಳೆದುಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು, ಎರಡು ಓಣಿ ನಡೆದು ಹೋಗಿ, ಚಂದಂಗೆ ಬೇಡ ಎಂದು ಹೇಳಿ ಬರುತ್ತಾರೆ. ನಾನು ಹಿಂದೆ ಕೈಮುಗಿದುಕೊಂಡು ನಿಂತಿರಬೇಕು. ಕೈ ಪರ್ಸಿನ ತನಕ ಹೋಗಿತ್ತು. ಸ್ಟೇಷನ್ನಿನಲ್ಲಿ ಮಗಳು ಮಾತಾಡಿದ ದನಿ ನೆನಪಾಯಿತು. ಪರ್ಸು ಬಿಟ್ಟು ಫೋನು ತೆಗೆದೆ, ಹುಡುಗನ ತಾಯಿಗೆ ಹಚ್ಚಿದೆ.

"ಅಕ್ಕಾರ, ನಮ್ಮವರು ಸಬಕಾರ ಹಚ್ಕೊಂಡು ನಿಂತಾರ್ರಿ. ನೀರಿಲ್ಲ. ನಿಮ್ಮ ಮನಿಯಿಂದ ಒಂದೆರಡು ಕೊಡ ನೀರು ಬೇಕಾಗಿತ್ರಿ."

"ಬಂದ್ವಿ ನೋಡ್ರಿ," ಅಂದರು.

ಗಂಡ ಹೆಂಡತಿ ಇಬ್ಬರೂ ಬಂದರು. ಹುಡುಗನ ತಂದೆ ದಪ್ಪ ಆಳು. ಎರಡು ಸ್ಟೀಲಿನ ಕೊಡಗಳನ್ನು ಸ್ಕೂಟರಿನಲ್ಲಿ ತಂದು, ಒಂದೊಂದಾಗಿ ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ಏರಿಸಿದರು. ಮ್ಯಾನೇಜರು ಲಿಫ್ಟಿನ ಕುರ್ಚಿಗಳಂತೆ ಅಲುಗದೆ ನೋಡುತ್ತ ಕೂತಿದ್ದ. ಅವರು ಏದುಸಿರು ಬಿಡುತ್ತ ಬಚ್ಚಲ ಬಾಗಿಲು ಬಡಿದರು.

"ಬೀಗರ, ಬಿಸಿನೀರು ತಂದೇನ್ರಿ. ಬಾಗಲಾ ಸ್ವಲ್ಪ ತಗೀರಿ."

ಒಳಗಿನಿಂದ ನಮ್ಮವರ ದನಿ, ಸಣ್ಣಗೆ. "ಯಾರ ಮನಿ ನೀರು?"

"ನಮ್ಮ ಮನೀದರಿ."

"ಒಲ್ಲೆ. ಏ, ಎಲ್ಲಿ ಅದೀ? ಬ್ಯಾರೆ ಕಡೆಯಿಂದ ತರಸು."

"ಬ್ಯಾರೆ ಕಡೆ ಇಲ್ಲರಿ," ಅಂದೆ. "ಟ್ಯಾಂಕರ್ ಬರೂ ತನಕ ಹಂಗ ನಿಂದರತೀರೇನು?"

ಸಬಕಾರ ಒಣಗಿದರೆ ಚರ್ಮ ಬಿಗಿಯುತ್ತದೆ, ಕಣ್ಣಿನೊಳಗೆ ಇಳಿದರೆ ದೊಡ್ಡ ದೊಡ್ಡ ನಿಯಮಗಳೂ ಉರಿಯುತ್ತವೆ. ನಾವು ಮೂವರೂ ಕಾದೆವು. ಬಾಗಿಲು ಒಂದು ಗೇಣು ತೆರೆಯಿತು. ನೊರೆಗಟ್ಟಿದ ಕೈಯೊಂದು ಹೊರಗೆ ಬಂದು ಕೊಡದ ಕಂಠ ಹಿಡಿದು ಒಳಗೆ ಎಳೆದುಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ನೀರು ಸುರಿಯುವ ಸದ್ದು ಕೇಳಿಸಿತು. ಹುಡುಗನ ತಂದೆ ಎರಡನೇ ಕೊಡವನ್ನೂ ಬಾಗಿಲಿಗೆ ಇಟ್ಟು, ಬೆವರು ಒರೆಸಿಕೊಳ್ಳಲು ಹೊರಗಿನ ಪಡಸಾಲೆಗೆ ಹೋದರು.

ನಾನು, ಹುಡುಗನ ತಾಯಿ ಮಂಚದ ಅಂಚಿಗೆ ಕೂತೆವು. ಅವರು ದನಿ ತಗ್ಗಿಸಿ ಕೇಳಿದರು.

"ಕೆಳಗ ಅಂಗಡ್ಯಾಗ ಕ್ಯಾನು ಇದ್ದಾವಲ್ಲರಿ?"

"ಅದಾವ್ರಿ," ಅಂದೆ.

ಅವರು ನನ್ನ ಮುಖ ನೋಡಿದರು. ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಸಕ್ಕರೆಯನ್ನು ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿದರು. ಸಂಬಂಧ ಗಟ್ಟಿಯಾದಾಗ ಬಾಯಿಗೆ ಹಾಕುವ ಸಕ್ಕರೆ ಅದು, ನನ್ನ ಫೋನು ಬಂದಾಗಲೇ ಕಟ್ಟಿಕೊಂಡು ಬಂದಿದ್ದರು ಎಂದಾಯಿತು. ನನಗೆ ಅಳು ಬಂತು, ನಗುವೂ ಬಂತು. ಆ ಹೊಲಸು ಕೋಣೆಯಲ್ಲಿ, ಸತ್ತ ನೊಣದ ಕೆಳಗೆ, ನನ್ನ ಮಗಳ ಮದುವೆಯ ಮಾತು ಮುಗಿಯಿತು.

ನಮ್ಮವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ನಾನೇ ಮೊದಲು ಬಾಯಿಬಿಟ್ಟೆ. "ಅತ್ತಿಯೋರು ನೀರು ಮುಟ್ಟಬಾರದು ಅಂದಿದ್ರು. ನೀವು ತಲೀ ಮ್ಯಾಲಿಂದ ಹಾಕ್ಕೊಂಡ್ರಿ. ಮದಿವಿ ಮೊದಲ ಸುರಿಗಿ ನೀರು ಆತು ನೋಡ್ರಿ."

ನಮ್ಮ ಮದುವೆಗಳಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ಎರೆಯುವ ನೀರು ಅದು. ಪಡಸಾಲೆಯಲ್ಲಿದ್ದ ಬೀಗರು ಹೊಟ್ಟೆ ಕುಣಿಸಿ ನಕ್ಕರು. ನಮ್ಮವರು ನಗಲಿಲ್ಲ. ಜಗತ್ತಿನ ಯಾವ ಮಾತನ್ನಾದರೂ ಮುರಿದಾರು, ತಾಯಿಯ ಮಾತನ್ನು ಮುರಿಯುವ ಧೈರ್ಯ ಅವರಿಗಿಲ್ಲ. ಟಾವೆಲ್ಲಿನ ಅಂಚನ್ನು ಬೆರಳಲ್ಲಿ ತಿಕ್ಕುತ್ತ ಬಹಳ ಹೊತ್ತು ನಿಂತರು. ಹುಡುಗನ ತಾಯಿ ಸಕ್ಕರೆ ಹಿಡಿದ ಕೈ ಚಾಚಿದರು. ನಮ್ಮವರು ಬಾಯಿ ತೆರೆದರು.

ಲಾಡ್ಜು ಖಾಲಿ ಮಾಡಿ ಬ್ಯಾಗು ಹಿಡಿದು ಇಳಿದೆವು. ಮೆಟ್ಟಿಲ ಪಕ್ಕದ ಅಂಗಡಿಯ ಮುಂದೆ ನಮ್ಮವರ ಕಾಲು ನಿಂತಿತು. ಕ್ಯಾನುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ನೀ ಮುಂಜಾನಿ ಇಲ್ಲೇ ಇಳದು ಬಂದಿದ್ದಿ?"

"ಹೌದ್ರಿ."

"ಇವು ಕಾಣಲಿಲ್ಲೇನು ನಿನಗ?"

ನಿನಗೆ ತಿಳಿಯುವುದಿಲ್ಲ ಎಂದು ಇಷ್ಟು ವರ್ಷ ಹೇಳಿದವರಿಗೆ ಕಾಣಲಿಲ್ಲ ಎಂದು ಹೇಳಿದ್ದರೆ ನಂಬುತ್ತಿದ್ದರು. ಸುಲಭವಾಗಿ ನಂಬುತ್ತಿದ್ದರು.

"ಕಂಡ್ವುರಿ," ಅಂದೆ. ಬ್ಯಾಗನ್ನು ಅವರ ಕೈಗೆ ಕೊಟ್ಟು ಮಗಳಿಗೆ ಫೋನು ಹಚ್ಚಿದೆ.