ಪೇಚಿಯಮ್ಮನ ನಾಲಿಗೆ

ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ನಮ್ಮೂರಿನಲ್ಲಿ ಕಣ್ಣಿಗೆ ಕಸ ಬಿದ್ದರೆ ಎಲ್ಲರೂ ಪೇಚಿಯಮ್ಮನ ಮನೆಗೇ ಓಡುತ್ತಿದ್ದರು. ಅವಳು ರೆಪ್ಪೆ ಮಡಚಿ, ನಾಲಿಗೆಯ ತುದಿಯಿಂದ ಕಸ ತೆಗೆದು ಉಗಿದು, "ಹೋಗೋ, ಇನ್ಮೇಲಾದ್ರೂ ಕಣ್ಣುಬಿಟ್ಕೊಂಡು ನಡಿ" ಎಂದು ಗದರುತ್ತಿದ್ದಳು. ಕಾಸು ಮುಟ್ಟುತ್ತಿರಲಿಲ್ಲ. ಜಂಬ ಮಾತ್ರ ಬೇಕಾದಷ್ಟಿತ್ತು, ಪಕ್ಕದ ಮನೆಯವಳಾದ ನನಗೆ ಗೊತ್ತಿಲ್ಲವೇ!

ಒಮ್ಮೆ ಭತ್ತ ಬಡಿಯುವಾಗ ಅವಳ ಸೊಸೆ ಪೂಂಗೊಡಿಯ ಎಡಗಣ್ಣಿಗೆ ಹೊಟ್ಟು ಸಿಡಿಯಿತು. ಅತ್ತೆಯೇ ತೆಗೆದಳು. ಮರುದಿನವೂ ಕಣ್ಣು ಕೆಂಪಗಿತ್ತು. ಪೇಚಿಯಮ್ಮ ತನ್ನ ಕಣ್ಣಿನ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದರಲ್ಲಿ ಉಳಿದಿದ್ದ ಹನಿ ಔಷಧಿ ಹಾಕಿದಳು. ಕೆಂಪು ಇಳಿಯಿತು.

"ನೋಡ್ದ್ಯೇನೇ? ಡಾಕ್ಟ್ರು ಬೇಕಂತೆ, ಡಾಕ್ಟ್ರು!" ಎಂದು, ಡಾಕ್ಟರಿಗೆ ತೋರಿಸು ಎಂದಿದ್ದ ನನ್ನನ್ನೇ ಹಂಗಿಸಿದಳು.

ವಾರ ಕಳೆಯುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಎದ್ದಿತು. ನೋವಿಗೆ ಪೂಂಗೊಡಿ ಗೋಡೆಗೆ ತಲೆ ಚಚ್ಚಿಕೊಂಡಳು. ನಾನೇ ಇಬ್ಬರನ್ನೂ ಬಸ್ಸು ಹತ್ತಿಸಿ ಮಧುರೆಯ ಕಣ್ಣಾಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರಮ್ಮ ಕಣ್ಣು ಮರಗಟ್ಟಿಸಿ, ಕಲೆಯನ್ನು ತುಸುವೇ ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಬೂಷ್ಟು. ಎಳೆ ಎಳೆಯಾಗಿ ಕಾಣ್ತಿದೆ. ಹೊಟ್ಟು ಗೀರಿದ ಜಾಗದಲ್ಲಿ ಸೇರ್ಕೊಂಡಿದೆ. ಆದ್ರೆ ಇಷ್ಟು ಬೇಗ ಆಳಕ್ಕಿಳಿಯೋಕೆ ಏನ್ ಹಾಕಿದ್ರಿ? ನಿಜ ಹೇಳಿ, ಕಣ್ಣು ಉಳಿಸ್ಬೇಕು."

"ಏನೂ ಹಾಕಿಲ್ಲಮ್ಮ" ಎಂದಳು ಪೂಂಗೊಡಿ.

ಕಣ್ಣು ಹೋಗುತ್ತಿದೆ, ಇವಳು ಅತ್ತೆಯ ಮಾನ ಕಾಯುತ್ತಿದ್ದಾಳೆ, ಹುಚ್ಚಿ! ನಾನು ಬಾಯಿ ತೆರೆಯುವಷ್ಟರಲ್ಲಿ ಪೇಚಿಯಮ್ಮ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಆ ಹನಿ ಔಷಧಿಯ ಪುಟ್ಟ ಸೀಸೆಯನ್ನು ಮೇಜಿನ ಮೇಲಿಟ್ಟಳು.

"ನಾನೇ ಹಾಕ್ದೆ ತಾಯಿ. ಮೊದಲು ನಾಲಿಗೆನೂ ಹಾಕ್ದೆ."

ಡಾಕ್ಟರಮ್ಮ ಸೀಸೆ ತಿರುಗಿಸಿ ಓದಿದರು. "ಇದು ಸ್ಟೀರಾಯ್ಡು. ಕೆಂಪು ಇಳಿಸುತ್ತೆ, ಒಳಗಡೆ ಬೂಷ್ಟಿಗೆ ದಾರಿ ಬಿಡುತ್ತೆ." ಬೈಯಲಿಲ್ಲ. ಬೈದಿದ್ದರೆ ಪೇಚಿಯಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು.

ತಿಂಗಳುಗಟ್ಟಲೆ ಹನಿ ಹಾಕಿದ ಮೇಲೆ ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ.

ಈಗ ಯಾರಾದರೂ ಕಣ್ಣು ಹಿಡಿದುಕೊಂಡು ಬಂದರೆ ಪೇಚಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಸ್ ಸ್ಟಾಪಿನ ಕಡೆ ಕೈ ತೋರಿಸುತ್ತಾಳೆ. ಮನೆಯೊಳಗೆ ಸೊಸೆಯ ಎಡಗಡೆಯೇ ಕೂರುತ್ತಾಳೆ, ಅವಳಿಗೆ ಕಾಣದ ಕಡೆ. ಮುಖ ತೋರಿಸಲು ಅಷ್ಟು ನಾಚಿಕೆ.

ಮೊನ್ನೆ ಊಟದ ಹೊತ್ತಿಗೆ ನಾನು ಅಲ್ಲೇ ಇದ್ದೆ. ಪೂಂಗೊಡಿ ಸೌಟು ಹಿಡಿದು ನಿಂತಳು.

"ಅತ್ತೆ, ಈ ಕಡೆ ಬನ್ನಿ. ಅಲ್ಲಿ ಕೂತ್ರೆ ನಿಮ್ಮ ತಟ್ಟೆ ನಂಗೆ ಕಾಣಲ್ಲ."

ಪೇಚಿಯಮ್ಮ ತಟ್ಟೆ ಎತ್ತಿಕೊಂಡು ಬಂದು ಬಲಗಡೆ ಕೂತಳು. ತಲೆ ಮಾತ್ರ ಎತ್ತಲಿಲ್ಲ.