ನಂದೇ ತಪ್ಪು ಎನ್ನುತ್ತಿದ್ದ ಟೀಚರ್

ಸೇಡಂನಲ್ಲಿದ್ದ ನನ್ನ ಕಂಪ್ಯೂಟರ್ ಅಂಗಡಿಗೆ ಬರುತ್ತಿದ್ದ ಆ ಟೀಚರ್ ಕೂರುವ ಮೊದಲು ಕುರ್ಚಿಯನ್ನು ಸೆರಗಿನಿಂದ ಒರೆಸುತ್ತಿದ್ದರು, ಎದ್ದ ಮೇಲೂ ಒರೆಸುತ್ತಿದ್ದರು. ಕರೆಂಟು ಹೋದರೂ "ನಾ ಬಂದಿದ್ದಕ್ಕೇ ಹೋತೇನ್ರಿ?" ಎನ್ನುವವರು.

ಒಮ್ಮೆ ಅವರು ನನ್ನಲ್ಲೇ ಕೊಂಡಿದ್ದ ಹೊಸ ಲ್ಯಾಪ್‌ಟಾಪಿನ ಪರದೆಯ ಲೇಪ ಅಲ್ಲಲ್ಲಿ ಎದ್ದು ಕಲೆಯಾಗಿತ್ತು. ಅದು ತಯಾರಿಕೆಯ ದೋಷ, ವಾರಂಟಿಯಲ್ಲಿ ಬದಲಾಗುತ್ತದೆ ಎಂದು ನನಗೆ ಗೊತ್ತಿತ್ತು. ಹೈದರಾಬಾದಿನ ಸರ್ವಿಸ್ ಸೆಂಟರಿಗೆ ಕಳಿಸುವ ತಾಪತ್ರಯ ಬೇಡವಾಗಿ ಕೇಳಿದೆ: "ಸೆರಗಿಲೆ ಒರಿಸೀರೇನ್ರಿ, ಟೀಚರ್?"

"ಹೌದ್ರಿ, ದಿನಾ ಒರಸ್ತೀನಿ. ನಂದೇ ತಪ್ಪು."

"ಹಂಗಾದ್ರ ವಾರಂಟಿ ಸಿಗಂಗಿಲ್ರಿ."

ಅವರು ಲ್ಯಾಪ್‌ಟಾಪು ಎತ್ತಿಕೊಂಡು ಹೋದರು. ಮುಂದಿನ ತಿಂಗಳು ತಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿಯನ್ನು ಕರೆತಂದರು. "ಇಲ್ಲೇ ತೊಗೊಳವ್ವಾ. ಈ ಅಣ್ಣಾರು ಭಾಳ ಖರೇ ಮನುಷ್ಯಾರು. ನನ್ನ ತಪ್ಪು ನನ್ನ ಮುಂದೇ ಹೇಳಿದ್ರು."

ಆಗಲಾದರೂ ನಾನು ನಿಜ ಹೇಳಬೇಕಿತ್ತು. "ಬರ್ರಿ, ಕುಂದ್ರಿ" ಎಂದು ಹೊಸ ಲ್ಯಾಪ್‌ಟಾಪು ತೆರೆದಿಟ್ಟೆ.